ಕೇಳಿ, ಹೇಳುತ್ತೇವೆ: ಕಸದ ಮೇಲೆ ಗೋಧಿ, ಕ್ವಾರಿಯ ಮೇಲೆ ಕಾಡು

ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆ ನಿಂತ ಕಲಾವಿದೆ ಆಗ್ನೆಸ್ ಡೆನೆಸ್ ಅವರ ಎರಡು ಕೃತಿಗಳ ಚಿತ್ರಗಳನ್ನು ಕಳೆದ ಸಂಚಿಕೆಯಲ್ಲಿ ಹಾಕಿದ್ದೆವು. ಒಂದು, 1982ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಬೆಳೆದ ಎರಡು ಎಕರೆ ಗೋಧಿ ಹೊಲ. ಇನ್ನೊಂದು, ಫಿನ್ಲೆಂಡಿನಲ್ಲಿ 11,000 ಜನ 11,000 ಗಿಡ ನೆಟ್ಟು ಮಾಡಿದ 'ಮರಗಳ ಬೆಟ್ಟ'. ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿರುವುದು ಮಣ್ಣೆಷ್ಟು, ಬೀಜವೆಷ್ಟು, ನಾವೂ ಮಾಡಬಹುದೇ ಎಂದು. ಅಂಥವುಗಳನ್ನೇ ಇಲ್ಲಿ ಆರಿಸಿಕೊಂಡಿದ್ದೇವೆ.

ವಲಸೆ ಬಂದವರು ಎನ್ನುವುದಕ್ಕೂ ಅವರ ಕಲೆಗೂ ಏನು ಸಂಬಂಧ? 'ಹವಾಮಾನ ಬದಲಾವಣೆ' ಎಂಬ ಮಾತು ಅವರ ಕೃತಿಗಳ ಹೆಸರಿನಲ್ಲಿ ಎಲ್ಲೂ ಕಾಣಲಿಲ್ಲವಲ್ಲ?
— ಕಲಾ ವಿದ್ಯಾರ್ಥಿನಿ, ಮೈಸೂರು

ಡೆನೆಸ್ ಹುಟ್ಟಿದ್ದು 1931ರಲ್ಲಿ, ಬುಡಾಪೆಸ್ಟಿನಲ್ಲಿ. ಅಲ್ಲಿಂದ ಸ್ವೀಡನ್, ಅಲ್ಲಿಂದ ಅಮೆರಿಕ. ಎಳವೆಯಲ್ಲಿ ಅವರು ಬರೆಯುತ್ತಿದ್ದದ್ದು ಕವಿತೆ. ಊರು ಬದಲಾದಂತೆ ಭಾಷೆಯೂ ಬದಲಾಯಿತು. ಹಂಗೇರಿಯನ್ನಿನ ಲಯ ಸ್ವೀಡಿಶ್‌ನಲ್ಲಿ ನಡೆಯದು, ಸ್ವೀಡಿಶ್‌ನದು ಇಂಗ್ಲಿಷಿನಲ್ಲಿ ನಡೆಯದು. ಕಡೆಗೆ ಅವರು ಮಾತು ಬೇಡದ ದೃಶ್ಯಕಲೆಗೆ ಬಂದರು. 1968ರಲ್ಲಿ ನ್ಯೂಯಾರ್ಕ್ ರಾಜ್ಯದ ಸಲ್ಲಿವನ್ ಕೌಂಟಿಯಲ್ಲಿ ಅವರು ಮಾಡಿದ ಕೃತಿಯಲ್ಲಿ ಮೂರೇ ಕೆಲಸ: ಭತ್ತ ಬಿತ್ತಿದರು, ಮರಗಳಿಗೆ ಸರಪಳಿ ಸುತ್ತಿದರು, ತಾವು ಬರೆದ ಹೈಕುಗಳನ್ನು ನೆಲದಲ್ಲಿ ಹೂತರು. ಭಾಷೆ ಕಳೆದುಕೊಂಡ ಕವಿ ಕವಿತೆಯನ್ನು ಮಣ್ಣಿಗೆ ಕೊಟ್ಟಂತೆ ನಮಗೆ ಕಾಣುತ್ತದೆ. ಪರಿಸರದ ಕಲೆ ಎಂಬ ಮಾತಿಗೆ ಇದೇ ಮೊದಲ ಹೆಜ್ಜೆಗಳಲ್ಲಿ ಒಂದು ಎಂದು ಕಲಾ ಚರಿತ್ರೆ ಬರೆಯುವವರು ಹೇಳುವುದುಂಟು.

ಎರಡನೆಯ ಪ್ರಶ್ನೆ ನ್ಯಾಯವಾದದ್ದು. 1982ರ ಗೋಧಿ ಹೊಲ ನೇರವಾಗಿ ಹಸಿವು, ಭೂಮಿಯ ಬೆಲೆ, ತಪ್ಪಿದ ಆದ್ಯತೆಗಳ ಕುರಿತದ್ದು. ಅದನ್ನು ಹವಾಮಾನದ ಕೃತಿ ಎಂದು ಈಗ ಕರೆಯುವುದು ಹಿಂದಿನಿಂದ ಅಂಟಿಸಿದ ಚೀಟಿ. ಮರಗಳ ಬೆಟ್ಟದ ಮಾತು ಬೇರೆ. 1992ರ ಜೂನ್‌ನಲ್ಲಿ ರಿಯೋ ಡಿ ಜನೈರೋದ ಭೂ ಶೃಂಗಸಭೆಯಲ್ಲಿ, ಅಂದರೆ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದ ಸಹಿಗೆ ತೆರೆದುಕೊಂಡ ಸಭೆಯಲ್ಲೇ, ಫಿನ್ಲೆಂಡ್ ಸರ್ಕಾರ ಅದನ್ನು ತನ್ನ ಕೊಡುಗೆಯಾಗಿ ಘೋಷಿಸಿತು.

ನಾವು ಮೂರು ತಲೆಮಾರಿನಿಂದ ಗೋಧಿ ಬೆಳೆಯುವವರು. ಊರ ಕಸ ತುಂಬಿದ ಜಾಗದಲ್ಲಿ ಗೋಧಿ ಬಂದದ್ದು ಹೇಗೆ? ಮಣ್ಣು ಎಷ್ಟು ಹಾಕಿದರು, ರಾಶಿ ಎಷ್ಟಾಯಿತು?
— ರೈತರು, ನವಲಗುಂದ

ಮ್ಯಾನ್‌ಹಟನ್ನಿನ ತೆಂಕಣ ತುದಿಯಲ್ಲಿ, ಹಡ್ಸನ್ ನದಿಯನ್ನು ತುಂಬಿ ಮಾಡಿದ ಬ್ಯಾಟರಿ ಪಾರ್ಕ್ ಎಂಬ ಭರ್ತಿ ನೆಲ ಅದು. ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟಲು ಅಗೆದ ಮಣ್ಣನ್ನು ಅಲ್ಲಿಗೆ ಸುರಿದಿದ್ದರು. ಆಗ ಒಂದು ಕಡೆ ಅವಳಿ ಗೋಪುರ, ಇನ್ನೊಂದು ಕಡೆ ನೀರಿನಾಚೆ ಲಿಬರ್ಟಿ ಪ್ರತಿಮೆ, ಕೂಗಳತೆಯಲ್ಲಿ ಹಣದ ಪೇಟೆಯಾದ ವಾಲ್ ಸ್ಟ್ರೀಟ್. ಅಲ್ಲಿನ ಪಬ್ಲಿಕ್ ಆರ್ಟ್ ಫಂಡ್ ಎಂಬ ಕಲಾ ಸಂಸ್ಥೆ ಡೆನೆಸ್ ಅವರಿಂದ ಕೇಳಿದ್ದು ಒಂದು ಸಾರ್ವಜನಿಕ ಶಿಲ್ಪ. ಅವರು ಕೊಟ್ಟದ್ದು ಹೊಲ.

ಮೊದಲು 200 ಲಾರಿ ಲೋಡು ಮಣ್ಣು ಬಂತು. ಅದು ಹೊಲದ ಮಣ್ಣಲ್ಲ. ಕಲ್ಲು, ತುಕ್ಕು ಹಿಡಿದ ಪೈಪು, ಟೈರು, ಹಳೇ ಬಟ್ಟೆ ಬೆರೆತದ್ದು. ಟ್ರ್ಯಾಕ್ಟರಿನಿಂದ ಅದನ್ನು ಮಟ್ಟ ಮಾಡಿ, ಮೇಲೆ ಇನ್ನೂ 80 ಲೋಡು ಹರಡಿದ್ದು ಒಂದು ಇಂಚು ಮೇಲ್ಮಣ್ಣಿಗಾಗಿ. ನಿಮ್ಮ ಹುಬ್ಬೇರುವುದು ಸಹಜ. ಗೋಧಿಯನ್ನು ನಾವು ಬಿತ್ತುವ ಆಳವೇ ಎರಡು ಇಂಚು. ಎರಡು ಎಕರೆಗೆ ಒಂದು ಇಂಚು ಎಂದರೆ ಸುಮಾರು 205 ಘನ ಮೀಟರ್, ಲೋಡಿಗೆ ಎರಡೂವರೆ ಘನ ಮೀಟರ್. ಲೆಕ್ಕ ಸರಿಯಾಗಿಯೇ ಇದೆ, ಆದರೆ ಬೇರು ಬೆಳೆದದ್ದೆಲ್ಲ ಕೆಳಗಿನ ಕಸದಲ್ಲಿ.

ಕೂರಿಗೆ ನಡೆಯುವ ನೆಲವಲ್ಲ. 285 ಸಾಲುಗಳನ್ನು ಕೈಯಿಂದಲೇ ತೋಡಿದರು, ಕಲ್ಲು ತಂತಿ ಆಯ್ದರು, ಕೈಯಿಂದಲೇ ಬೀಜ ಇಟ್ಟು ಮಣ್ಣು ಮುಚ್ಚಿದರು. ಒಂದು ಸಾಲಿಗೆ ಎರಡರಿಂದ ಮೂರು ಗಂಟೆ ಹಿಡಿಯಿತು. ಹೊಲ ಚೌಕ ಎಂದುಕೊಂಡರೆ ಒಂದೊಂದು ಬದಿ 90 ಮೀಟರ್. 285 ಸಾಲು ಹಿಡಿಯಬೇಕಾದರೆ ಸಾಲಿಂದ ಸಾಲಿಗೆ ಹತ್ತಿರ ಹತ್ತಿರ ಒಂದಡಿ. ನಮ್ಮ ಕಡೆ ಒಂಬತ್ತು ಇಂಚಿಗೆ ಬಿತ್ತುವವರಿಗೆ ಇದು ಅಗಲ ಅನಿಸುತ್ತದೆ. ಆದರೆ ಕಲ್ಲು ಆಯುವವರು ಕೂರಲು ಜಾಗ ಬೇಕಲ್ಲ.

ಬಿತ್ತಿದ್ದು ಮೇ ಆರಂಭದಲ್ಲಿ. ನಾವು ಹಿಂಗಾರಿನಲ್ಲಿ, ಚಳಿ ಏರುವಾಗ ಬಿತ್ತುತ್ತೇವೆ. ಅದು ಅಲ್ಲಿಯ ವಸಂತದ ಗೋಧಿ. ನೀರಿನ ಪೈಪು ಎಳೆದರು, ಗೊಬ್ಬರ ಕೊಟ್ಟರು, ಕಳೆ ಕಿತ್ತರು. ಕಾಡಿಗೆ ರೋಗದ (ಕಾಳು ಕರಿ ಪುಡಿಯಾಗುವ ರೋಗ) ತೆನೆ ಬಿಡಿಸಿದರು, ಬೂಷ್ಟಿನ ರೋಗಕ್ಕೆ ಔಷಧಿ ಹೊಡೆದರು. ಬೂಷ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ: ನದಿಯ ತೇವದ ಗಾಳಿ, ತೆಳು ಮಣ್ಣಿಗೆ ಮತ್ತೆ ಮತ್ತೆ ನೀರು, ಬೇಸಿಗೆಯ ಸೆಕೆ. ಆಗಸ್ಟ್ 16ಕ್ಕೆ ಕೊಯ್ಲು. ರಾಶಿ 1,000 ಪೌಂಡಿಗೆ ಮೇಲೆ, ಅಂದರೆ ನಾಲ್ಕೂವರೆ ಕ್ವಿಂಟಲ್, ಎಕರೆಗೆ ಎರಡೂಕಾಲು. ನೀವು ನಗಬಹುದು. ಡೆನೆಸ್ ಆ ಜಾಗದ ಬೆಲೆ 450 ಕೋಟಿ ಡಾಲರ್ ಎಂದು ಹೇಳುತ್ತಿದ್ದರು. ಅಷ್ಟು ಬೆಲೆಯ ನೆಲದಲ್ಲಿ ಇಷ್ಟೇ ಕಾಳು ಎಂಬ ಲೆಕ್ಕದ ಪೆಟ್ಟೇ ಆ ಕೃತಿಯ ತಿರುಳು, ಆದ್ದರಿಂದ ಇಳುವರಿ ಕಡಿಮೆಯಾದಷ್ಟೂ ಮಾತು ಜೋರಾಯಿತು ಎನ್ನಬೇಕು. ಕಾಳು ಮುಂದೆ ಹಸಿವಿನ ವಿರುದ್ಧದ ಪ್ರದರ್ಶನವೊಂದರ ಜೊತೆ 28 ನಗರ ಸುತ್ತಿತು. ಹುಲ್ಲು ನ್ಯೂಯಾರ್ಕ್ ಪೊಲೀಸರ ಕುದುರೆಗಳಿಗೆ ಹೋಯಿತು.

ನಮ್ಮ ಬಡಾವಣೆಯಲ್ಲಿ 30×40ರ ಖಾಲಿ ಸೈಟೊಂದು ಹತ್ತು ವರ್ಷದಿಂದ ಕಸದ ಗುಂಡಿಯಾಗಿದೆ. ಡೆನೆಸ್ ಮಾಡಿದಂತೆ ಅಲ್ಲಿ ಗೋಧಿ ಬೆಳೆಯೋಣ ಎಂದು ಮಕ್ಕಳು ಹಟ ಹಿಡಿದಿದ್ದಾರೆ. ಹೇಗೆ ಶುರು ಮಾಡಲಿ?
— ನಿವಾಸಿಗಳ ಸಂಘದ ಕಾರ್ಯದರ್ಶಿ, ಬೆಂಗಳೂರು

ಗೋಧಿ ಬೇಡ, ರಾಗಿ ಹಾಕಿ. ಡೆನೆಸ್ ಗೋಧಿ ಆರಿಸಿದ್ದು ಅದು ಆ ದೇಶದ ತಟ್ಟೆಯ ಮತ್ತು ಆ ಪೇಟೆಯ ಕಾಳಾದ್ದರಿಂದ. ಬೆಂಗಳೂರಿನ ಲೇಔಟುಗಳ ಕೆಳಗೆ ಮಲಗಿರುವುದು ರಾಗಿ ಹೊಲ. ಗೋಧಿ ಬೆಳೆದರೆ ನಕಲು, ರಾಗಿ ಬೆಳೆದರೆ ನಿಮ್ಮದೇ.

ಮೊದಲು ಕಾಗದ. ಸೈಟಿನ ಮಾಲೀಕರಿಂದ ಒಪ್ಪಿಗೆ ಬರವಣಿಗೆಯಲ್ಲಿ ಬೇಕು: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಬಾಡಿಗೆ ಇಲ್ಲ, ಬೆಳೆ ತೆಗೆದ ಮೇಲೆ ಜಾಗ ಬಿಟ್ಟುಕೊಡುತ್ತೇವೆ, ಯಾವ ಹಕ್ಕೂ ಕೇಳುವುದಿಲ್ಲ ಎಂದು. ಹೆಚ್ಚಿನ ಮಾಲೀಕರು ಬೇಡ ಎನ್ನುವುದು ಬೆಳೆಗೆ ಹೆದರಿ ಅಲ್ಲ, ಉಳುಮೆ ಮಾಡಿದವರು ನಾಳೆ ಸ್ವಾಧೀನ ತೋರಿಸಿಯಾರು ಎಂದು. ಈ ಕಾಗದ ಕೈಗೆ ಕೊಟ್ಟರೆ ಅರ್ಧ ಕೆಲಸ ಮುಗಿಯಿತು.

ಆಮೇಲೆ ನೆಲ. ಮೇ ತಿಂಗಳಲ್ಲಿ ಕಸ ಎತ್ತಿಸಿ, ಗುದ್ದಲಿಯಿಂದ ಒಂದಡಿ ಆಳ ಕೆದಕಿಸಿ. ಗಾಜು, ಮೊಳೆ, ಬೈಂಡಿಂಗ್ ವೈರು ಬರುತ್ತವೆ. ಮಕ್ಕಳನ್ನು ಈ ಹಂತದಲ್ಲಿ ಬಿಡಬೇಡಿ, ದೊಡ್ಡವರೂ ಚರ್ಮದ ಕೈಗವಸು, ಬೂಟು ಹಾಕಲಿ. ಖಾಲಿ ಸೈಟುಗಳ ನಿಜವಾದ ಶತ್ರು ಸಿಮೆಂಟಿನ ಪುಡಿ. ಅಕ್ಕಪಕ್ಕದ ಮನೆ ಕಟ್ಟುವಾಗ ಸುರಿದ ಡೆಬ್ರಿ ಮಣ್ಣನ್ನು ಕ್ಷಾರ ಮಾಡುತ್ತದೆ. ಪಿಎಚ್ 8.5 ದಾಟಿದರೆ ಕಬ್ಬಿಣ, ಸತು ಮಣ್ಣಿನಲ್ಲಿದ್ದರೂ ಗಿಡಕ್ಕೆ ಸಿಗದೆ ಹೊಸ ಎಲೆ ಹಳದಿಯಾಗುತ್ತದೆ. ಜನ ಅದನ್ನು ನೀರಿನ ಕೊರತೆ ಎಂದುಕೊಂಡು ಇನ್ನಷ್ಟು ನೀರು ಹಾಕಿ ಕೆಡಿಸುತ್ತಾರೆ. ಐದು ಕಡೆಯಿಂದ ಹಿಡಿ ಹಿಡಿ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಮಣ್ಣು ಪರೀಕ್ಷೆಗೆ ಕೊಡಿ.

ಡೆನೆಸ್‌ರ ಒಂದು ಇಂಚನ್ನು ಅನುಸರಿಸಬೇಡಿ. 1,200 ಚದರ ಅಡಿಗೆ ಒಂದು ಇಂಚು ಎಂದರೆ 100 ಘನ ಅಡಿ, ಸುಮಾರು ಒಂದು ಟ್ರ್ಯಾಕ್ಟರ್ ಟ್ರೇಲರ್. ಆರು ಇಂಚು ಬೇಕು, ಆರು ಟ್ರೇಲರ್ ಕೆಂಪು ಮಣ್ಣು. 'ಒಳ್ಳೇ ಮಣ್ಣು ಸಾರ್' ಎಂದು ಪಾಯ ಅಗೆದ ಸುದ್ದೆ ಮಣ್ಣು ತಂದು ಸುರಿಯುವವರಿದ್ದಾರೆ; ಒಂದು ಹಿಡಿ ನೀರಿಗೆ ಹಾಕಿ ನೋಡಿ, ಬರೀ ಮರಳೇ ತಳಕ್ಕೆ ಕೂತರೆ ವಾಪಸು ಕಳಿಸಿ. ಮೇಲೆ 100 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಹಸಿ ಸಗಣಿ ಹಾಕಿದರೆ ಗೊಣ್ಣೆ ಹುಳ ಉಚಿತ.

ಜುಲೈನಲ್ಲಿ ಹದ ಮಳೆ ಬಿದ್ದಾಗ ಬಿತ್ತಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಪಿಯು-28 ತಳಿ ಬೆಂಕಿ ರೋಗ ತಡೆಯುತ್ತದೆ, ನಾಲ್ಕು ತಿಂಗಳೊಳಗೆ ಕೈಗೆ ಬರುತ್ತದೆ. 30 ಅಡಿ ಅಗಲಕ್ಕೆ ಒಂದಡಿಗೊಂದರಂತೆ 30 ಸಾಲು, ಒಂದೊಂದೂ 40 ಅಡಿ ಉದ್ದ. ಬೀಜ 140 ಗ್ರಾಂ ಸಾಕು, ಅಂದರೆ ಸಾಲಿಗೆ ಐದು ಗ್ರಾಮೂ ಇಲ್ಲ. ಮಕ್ಕಳ ಕೈ ಹಿಡಿತದಲ್ಲಿ ಅದು ಉಳಿಯುವುದಿಲ್ಲ, ಎರಡು ಸಾಲಿನಲ್ಲೇ ಖಾಲಿ. ಬೀಜಕ್ಕೆ ಹತ್ತು ಪಟ್ಟು ಒಣ ಮರಳು ಬೆರೆಸಿ, ಸಾಲಿಗೊಂದು ಪುಟ್ಟ ಲೋಟದಂತೆ ಮೊದಲೇ ಅಳೆದಿಡಿ. ಅರ್ಧ ಇಂಚು ಆಳ, ಅದಕ್ಕಿಂತ ಕೆಳಗೆ ಹೋದ ರಾಗಿ ಮೇಲೆ ಬರದು. 15ರಿಂದ 20 ದಿನಕ್ಕೆ ನಾಲ್ಕು ಇಂಚಿಗೊಂದು ಪೈರು ಉಳಿಸಿ ಮಿಕ್ಕಿದ್ದು ಕೀಳಿ. ಮಕ್ಕಳು ಅಳುತ್ತಾರೆ, ಆದರೂ ಕೀಳಲೇಬೇಕು. ಎರಡು ಸಲ ಕಳೆ. ತೆನೆ ಕಟ್ಟಿದ ಮೇಲೆ ಗುಬ್ಬಚ್ಚಿಯಂಥ ಪುಟ್ಟ ಹಕ್ಕಿಗಳ ಹಿಂಡು ಮತ್ತು ಮೋರಿ ಇಲಿ. ಹಕ್ಕಿಗೆ ಬಲೆ, ಇಲಿಗೆ ಸುತ್ತ ಒಂದಡಿ ಜಾಗ ಬೋಳು ಇಡುವುದು. ಚೆನ್ನಾಗಿ ಬಂದರೆ 20ರಿಂದ 25 ಕೆಜಿ ರಾಗಿ. ಮುಖ್ಯರಸ್ತೆಯ ಅಂಚಿನ ಸೈಟಾದರೆ ಸೀಸದ ಪರೀಕ್ಷೆ ಮಾಡಿಸದೆ ಮುದ್ದೆ ಮಾಡಬೇಡಿ, ಕಾಳನ್ನು ಪ್ರದರ್ಶನಕ್ಕಿಡಿ.

ಮರಗಳ ಬೆಟ್ಟದ ಗಿಡಗಳು ಅನಾನಸ್ಸಿನ ಕಣ್ಣುಗಳಂತೆ ಸುರುಳಿಯಲ್ಲಿವೆ ಎಂದು ಬರೆದಿದ್ದಿರಿ. ನಮ್ಮ ಪ್ರೌಢಶಾಲೆಯ ಮೈದಾನದ ಪಕ್ಕ ಸ್ವಲ್ಪ ಜಾಗ ಇದೆ. 100 ಗಿಡಗಳನ್ನು ಹಾಗೆ ನೆಡುವುದು ಹೇಗೆ? ಗಣಿತದ ಪಾಠವೂ ಆಗಲಿ ಎಂದು ಆಸೆ.
— ಶಿಕ್ಷಕಿ, ತೀರ್ಥಹಳ್ಳಿ

ಮೊದಲು ಮೂಲ ಕೃತಿಯ ಅಳತೆ. ಫಿನ್ಲೆಂಡಿನ ಯುಲೊಯಾರ್ವಿಯಲ್ಲಿ, ಜಲ್ಲಿ ತೆಗೆದು ಬರಿದಾದ ಕ್ವಾರಿಯ ಮೇಲೆ ಬೆಟ್ಟ ಕಟ್ಟಿದರು. 420 ಮೀಟರ್ ಉದ್ದ, 270 ಮೀಟರ್ ಅಗಲದ ಮೊಟ್ಟೆಯಾಕಾರ. 1992ರಿಂದ 1996ರವರೆಗೆ ಕೆಲಸ ನಡೆಯಿತು. ತಳದ ವಿಸ್ತೀರ್ಣ ಸುಮಾರು 22 ಎಕರೆ, ಗಿಡಕ್ಕೆ ಎಂಟು ಚದರ ಮೀಟರ್ ಬರುತ್ತದೆ. ವಿನ್ಯಾಸವನ್ನು ಸುವರ್ಣಾನುಪಾತ (ಸುಮಾರು 1.618 ಎಂಬ ಪ್ರಮಾಣ) ಮತ್ತು ಅನಾನಸ್, ಸೂರ್ಯಕಾಂತಿಗಳ ಜೋಡಣೆಯಿಂದ ಕಟ್ಟಿದ್ದಾರೆ.

ನಿಮಗೆ ಬೇಕಾದ ಸೂತ್ರ ಎರಡೇ ಸಾಲು. ಗಿಡದ ಸಂಖ್ಯೆಯನ್ನು 137.508ರಿಂದ (ಸುವರ್ಣಾನುಪಾತದಿಂದ ಬರುವ ಕೋನ, ಡಿಗ್ರಿಯಲ್ಲಿ) ಗುಣಿಸಿ, 360ರ ಮಡಿಗಳನ್ನು ಕಳೆದರೆ ಉಳಿಯುವುದು ಕೋನ. ಸಂಖ್ಯೆಯ ವರ್ಗಮೂಲವನ್ನು 1.9 ಮೀಟರ್‌ನಿಂದ ಗುಣಿಸಿದರೆ ನಡುವಿನ ಗೂಟದಿಂದ ದೂರ. 1.9 ಏಕೆಂದರೆ, ಈ ಜೋಡಣೆಯಲ್ಲಿ ಅತಿ ಹತ್ತಿರದ ಎರಡು ಗಿಡಗಳ ಅಂತರ ಆ ಅಂಕಿಯ 1.6 ಪಟ್ಟು, ಅಂದರೆ ಮೂರು ಮೀಟರ್. ಅದಕ್ಕಿಂತ ಒತ್ತಾಗಿ ನೆಟ್ಟರೆ ಮಲೆನಾಡಿನ ಮಳೆಯಲ್ಲಿ ಐದೇ ವರ್ಷಕ್ಕೆ ಕೊಂಬೆ ಕೂಡಿಕೊಳ್ಳುತ್ತದೆ. 100ನೇ ಗಿಡ 19 ಮೀಟರ್ ದೂರ ನಿಲ್ಲುತ್ತದೆ. ಜಾಗ ಸುಮಾರು 11 ಗುಂಟೆ, ಅಡ್ಡಳತೆ 38 ಮೀಟರ್, ಹೊರಗಿನ ಗಿಡಗಳ ಕೊಂಬೆಗೆ ಇನ್ನೆರಡು ಮೀಟರ್ ಬಿಡಿ.

ತಾಳೆ ನೋಡಲು: 1ನೇ ಗಿಡ 137.5 ಡಿಗ್ರಿ, 1.90 ಮೀಟರ್. 2ನೆಯದು 275 ಡಿಗ್ರಿ, 2.69 ಮೀಟರ್. 3ನೆಯದು 52.5 ಡಿಗ್ರಿ, 3.29. 10ನೆಯದು 295.1 ಡಿಗ್ರಿ, 6.01. 50ನೆಯದು 35.4 ಡಿಗ್ರಿ, 13.44. 100ನೆಯದು 70.8 ಡಿಗ್ರಿ, 19.00. ಮಕ್ಕಳ ಪಟ್ಟಿ ಇದಕ್ಕೆ ಹೊಂದಿದರೆ ಮುಂದುವರಿಯಿರಿ.

ಕೋನಮಾಪಕ ಮೈದಾನದಲ್ಲಿ ಕೆಲಸಕ್ಕೆ ಬಾರದು. ನಡುವೆ ಗೂಟ ಹೊಡೆದು 2 ಮೀಟರ್ 86.5 ಸೆಂಟಿಮೀಟರ್ ಹಗ್ಗದಿಂದ ಸುಣ್ಣದ ವೃತ್ತ ಎಳೆದು, ಅದರ ಮೇಲೆ ಒಂದು ಕಡೆ ಸೊನ್ನೆಯ ಗುರುತು ಹಾಕಿ. ಇದರ ಸುತ್ತಳತೆ ಸರಿಯಾಗಿ 18 ಮೀಟರ್, ಹಾಗಾಗಿ ವೃತ್ತದ ಮೇಲೆ ಪ್ರತಿ 5 ಸೆಂಟಿಮೀಟರ್ ಒಂದು ಡಿಗ್ರಿ. ದರ್ಜಿಗಳ ಬಟ್ಟೆ ಟೇಪನ್ನು ಬಾಗಿಸಿ ಗೆರೆಯ ಮೇಲೇ ಇಟ್ಟು ಅಳೆಯಿರಿ. 10ನೇ ಗಿಡಕ್ಕೆ ಸೊನ್ನೆ ಗುರುತಿನಿಂದ 14 ಮೀಟರ್ 75 ಸೆಂಟಿಮೀಟರ್. ಅಲ್ಲೊಂದು ಕಡ್ಡಿ, ನಡುಗೂಟದಿಂದ ಆ ಕಡ್ಡಿಯ ನೇರಕ್ಕೆ ಹಗ್ಗ ಹಿಡಿದು 6.01 ಮೀಟರ್‌ಗೆ ಗುಂಡಿಯ ಗುರುತು. ಮೊದಲ ಎರಡು ಗಿಡ ವೃತ್ತದ ಒಳಗೇ ಬೀಳುತ್ತವೆ, ಗಾಬರಿ ಬೇಡ.

ಹಾಳಾಗುವುದು ಎಲ್ಲಿ ಎಂದರೆ, ಒಂದು ಗಿಡದಿಂದ ಮುಂದಿನ ಗಿಡಕ್ಕೆ ಕೋನ ಅಳೆಯುತ್ತಾ ಹೋದಾಗ. ಸಲಕ್ಕೆ ಅರ್ಧ ಡಿಗ್ರಿ ತಪ್ಪಿದರೂ 100ನೇ ಗಿಡ 50 ಡಿಗ್ರಿ ಆಚೆ ನಿಂತಿರುತ್ತದೆ. ಪ್ರತಿ ಗಿಡವನ್ನೂ ಅದೇ ಸೊನ್ನೆಯಿಂದಲೇ ಅಳೆಯಿರಿ. 'ಸುಮಾರು 135 ಇಡೋಣ, ಸುಲಭ' ಎನ್ನುವವರಿಗೆ ಕಾಗದದ ಮೇಲೆ ಮಾಡಿ ತೋರಿಸಿ: ಎಂಟನೇ ಸಲಕ್ಕೆ ಅದೇ ದಿಕ್ಕು ಬಂದು, ಗಿಡಗಳೆಲ್ಲ ಗಾಡಿ ಚಕ್ರದ ಅರೆಗಳಂತೆ ಎಂಟು ನೇರ ಸಾಲಿಗೆ ಬೀಳುತ್ತವೆ, ನಡುವೆಲ್ಲ ಖಾಲಿ. ಇಳಿಜಾರಾದರೆ ದೂರವನ್ನು ನೆಲಕ್ಕೆ ತಾಗಿಸಿ ಅಳೆಯಬೇಡಿ. ಹಗ್ಗವನ್ನು ನೀರುಮಟ್ಟಕ್ಕೆ ಅಡ್ಡ ಹಿಡಿದು ತುದಿಯಿಂದ ತೂಗುಗುಂಡು ಬಿಡಿ. ಸರಿಯಾಗಿ ಬಂದಿದ್ದರೆ ಅಂಚಿನ ಸುರುಳಿಗಳನ್ನು ಎಣಿಸಿದಾಗ 8, 13, 21 ಇಂಥ (ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ) ಸಂಖ್ಯೆಗಳು ಸಿಗುತ್ತವೆ. ಒಂದು ಅನಾನಸ್ ತಂದು ಎಣಿಸಿಸಿ, ಆಮೇಲೆ ಹೋಳು ಮಾಡಿ ಹಂಚಿ.

ಒಂದು ವಿಷಯದಲ್ಲಿ ಡೆನೆಸ್‌ರನ್ನು ಅನುಸರಿಸಬೇಡಿ. ಅಲ್ಲಿರುವುದು ಪೈನ್ ಒಂದೇ ಜಾತಿ. ಉತ್ತರದ ಆ ಚಳಿನಾಡಿನ ಕಾಡಿನಲ್ಲಿ ಮರದ ಜಾತಿಗಳೇ ಕಡಿಮೆ, ಬಡ ಜಲ್ಲಿ ನೆಲದಲ್ಲಿ ಪೈನ್ ತಾನಾಗಿಯೇ ಮೊದಲು ಬರುವ ಮರ, ಶತಮಾನಗಟ್ಟಲೆ ಬಾಳುವ ಮರ. ಮಲೆನಾಡಿನಲ್ಲಿ ಒಂದೇ ಜಾತಿ ನೆಟ್ಟರೆ ಏನಾಗುತ್ತದೆ ಎಂದು ತಿಳಿಯಲು ನಿಮ್ಮ ಸುತ್ತಲ ಅಕೇಶಿಯಾ ತೋಪಿನೊಳಗೆ ಹತ್ತು ಹೆಜ್ಜೆ ನಡೆದರೆ ಸಾಕು. ನೇರಳೆ, ನೆಲ್ಲಿ, ಹೊಂಗೆ, ಮತ್ತಿ, ಹೊನ್ನೆ, ಹಲಸು ಬೆರೆಸಿ.

ಮರಗಳ ಬೆಟ್ಟದಲ್ಲಿ ಗಿಡ ನೆಟ್ಟವರಿಗೆ ಪ್ರಮಾಣಪತ್ರ ಕೊಟ್ಟರಂತೆ. ನಮ್ಮಲ್ಲೂ ವನಮಹೋತ್ಸವಕ್ಕೆ ಕೊಡುತ್ತಾರೆ. ವ್ಯತ್ಯಾಸ ಏನು?
— ಗ್ರಾಮ ಪಂಚಾಯಿತಿ ಸದಸ್ಯರು, ಕಾರ್ಕಳ

ಅವಧಿ ಮತ್ತು ವಾರಸುದಾರಿಕೆ. ಆ ಜಾಗಕ್ಕೆ 400 ವರ್ಷದ ರಕ್ಷಣೆ ಇದೆ. ಪತ್ರ ಹಿಡಿದವರು ತಮ್ಮ ಮರವನ್ನು ಮಕ್ಕಳಿಗೆ, ಮೊಮ್ಮಕ್ಕಳಿಗೆ ಬಿಟ್ಟುಹೋಗಬಹುದು, ಇಪ್ಪತ್ತು ತಲೆಮಾರಿಗೂ. ಆದರೆ ಮರವನ್ನು ಅಲ್ಲಿಂದ ಕದಲಿಸುವಂತಿಲ್ಲ, ಬೆಟ್ಟವನ್ನು ಯಾರೂ ಕೊಳ್ಳುವಂತಿಲ್ಲ. ನಮ್ಮ ಪ್ರಮಾಣಪತ್ರದಲ್ಲಿ ಅತಿಥಿಯ ಹೆಸರು ದೊಡ್ಡದಾಗಿರುತ್ತದೆ, ಗಿಡದ ನಂಬರು ಇರುವುದೇ ಇಲ್ಲ.

ನೀವು ಮಾಡಬಹುದಾದದ್ದು ಗಿಡದ ಪುಸ್ತಕ. ಒಂದು ದಪ್ಪ ಲೆಡ್ಜರ್, ಗಿಡಕ್ಕೊಂದು ಪುಟ: ನಂಬರು, ಜಾತಿ, ಗೂಟದಿಂದ ದೂರ, ನೆಟ್ಟವರು, ಅವರ ನಂತರ ನೋಡಿಕೊಳ್ಳುವವರು, ವರ್ಷಕ್ಕೊಮ್ಮೆ ಎತ್ತರ ಮತ್ತು ಸುತ್ತಳತೆ. ಸತ್ತ ಗಿಡವನ್ನು ಮೂರು ವರ್ಷದವರೆಗೆ ಅದೇ ನಂಬರಿನಲ್ಲಿ ಬದಲಿಸಬೇಕು. ಜಾಗ ಯಾವುದಕ್ಕೆ ಮೀಸಲು ಎಂದು ಗ್ರಾಮಸಭೆಯ ನಡಾವಳಿಯಲ್ಲಿ ಸರ್ವೆ ನಂಬರು ಸಮೇತ ಬರೆಸಿ. ಮುಂದೆ ರಸ್ತೆ ಅಗಲ ಮಾಡಲು ಬಂದವರಿಗೆ ತೋರಿಸಲು ಕಾಗದ ಇರಲಿ.

ನೀರಿನ ಲೆಕ್ಕವನ್ನು ನೆಡುವ ಮೊದಲೇ ಮಾಡಿ. 100 ಗಿಡ, ಗಿಡಕ್ಕೆ 10 ಲೀಟರ್, ವಾರಕ್ಕೆ ಎರಡು ಸಲ: 2,000 ಲೀಟರ್. ಜನವರಿಯಿಂದ ಮೇ ಕೊನೆಯವರೆಗೆ 20 ವಾರ ಹಿಡಿದರೆ 40,000 ಲೀಟರ್, 5,000 ಲೀಟರಿನ ಎಂಟು ಟ್ಯಾಂಕರ್. ಬೇಸಿಗೆಗೆ ಇಷ್ಟರಂತೆ ಎರಡು ಬೇಸಿಗೆ ಬೇಕು. ಈ ಎರಡು ಸಾಲನ್ನು ಬಜೆಟ್ಟಿನಲ್ಲಿ ಬರೆಯದೆ ನೆಟ್ಟ ಗಿಡ ಫೋಟೋಕ್ಕಷ್ಟೇ.

ನಿಮ್ಮ ಪತ್ರದ ಕೊನೆಯಲ್ಲಿ ಹಳೇ ಕೆಂಪುಕಲ್ಲಿನ ಪಣೆಯ (ಕಲ್ಲು ಕಡಿದ ಕ್ವಾರಿಯ) ಬಗ್ಗೆಯೂ ಕೇಳಿದ್ದೀರಿ. ಅಂಥ ನೆಲದಲ್ಲಿ ಗುಂಡಿ ತೋಡಿದರೆ ಅದು ಕಲ್ಲಿನ ಕುಂಡ. ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಉಳಿದರೆ ಬೇರು ಸುತ್ತಿಕೊಂಡು ನಾಲ್ಕನೇ ವರ್ಷ ಗಾಳಿಗೆ ಬೀಳುತ್ತದೆ. ಎರಡಡಿ ಗುಂಡಿ ತೋಡಿ, ತಳವನ್ನು ಹಾರೆಯಿಂದ ಒಡೆದು ಬಿರುಕು ಬಿಡಿಸಿ, ನೀರು ಸುರಿದು ನೋಡಿ. ಒಂದು ರಾತ್ರಿ ಕಳೆದರೂ ನಿಂತಿದ್ದರೆ ಆ ಗುಂಡಿ ಬೇಡ. ಅದರ ಪಕ್ಕ ಒಂದೂವರೆ ಅಡಿ ಎತ್ತರದ ಮಣ್ಣಿನ ದಿಬ್ಬ ಮಾಡಿ ಅದರ ಮೇಲೆ ನೆಡಿ. ಡೆನೆಸ್ ಕ್ವಾರಿಯೊಳಗೆ ನೆಡದೆ ಕ್ವಾರಿಯ ಮೇಲೆ ಬೆಟ್ಟ ಕಟ್ಟಿದ್ದರಲ್ಲಿ ಈ ಜಾಣತನವೂ ಇದೆ ಎಂದು ನಮ್ಮ ಊಹೆ.

11,000 ಮರ ಎಷ್ಟು ಇಂಗಾಲ ಹೀರುತ್ತವೆ? ಇದರಿಂದ ಹವಾಮಾನಕ್ಕೆ ನಿಜಕ್ಕೂ ಉಪಯೋಗವೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಲೆಕ್ಕದ ಬಗೆ ಹೇಳುತ್ತೇವೆ, ಯಾವ ತೋಪಿಗಾದರೂ ಮಾಡಿಕೊಳ್ಳಿ. ಎದೆಮಟ್ಟದಲ್ಲಿ, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ, ಕಾಂಡದ ಸುತ್ತಳತೆ ತೆಗೆದು 3.14ರಿಂದ ಭಾಗಿಸಿದರೆ ಅಡ್ಡಳತೆ. ಆಯಾ ಜಾತಿಗೆ ಅರಣ್ಯ ಸಂಶೋಧಕರು ಕೊಟ್ಟ ಸಮೀಕರಣದಲ್ಲಿ ಅದನ್ನು ಇಟ್ಟರೆ ಒಣ ತೂಕ. ಅದರ ಹತ್ತಿರ ಹತ್ತಿರ ಅರ್ಧ ಇಂಗಾಲ. ಇಂಗಾಲವನ್ನು 3.67ರಿಂದ ಗುಣಿಸಿದರೆ ಗಾಳಿಯಿಂದ ಎಳೆದುಕೊಂಡ ಕಾರ್ಬನ್ ಡೈಆಕ್ಸೈಡ್. ಒಣ ತೂಕ 200 ಕೆಜಿ ಇರುವ ಮರ ಬಾಳಿನುದ್ದಕ್ಕೂ ಎಳೆದಿರುವುದು 367 ಕೆಜಿ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆಜಿ ಹೊರಬರುತ್ತದೆ, ಅಂದರೆ ಆ ಮರದ ಅಷ್ಟೂ ವರ್ಷದ ದುಡಿಮೆ 160 ಲೀಟರ್ ಪೆಟ್ರೋಲಿಗೆ ಸಮ. ಒಬ್ಬ ಸ್ಕೂಟರಿನವ ಅದನ್ನು ಒಂದು ವರ್ಷದಲ್ಲಿ ಮುಗಿಸಬಲ್ಲ.

ಆದ್ದರಿಂದ ಮರಗಳ ಬೆಟ್ಟವನ್ನು ಇಂಗಾಲದ ತಕ್ಕಡಿಗೆ ಹಾಕಿದರೆ ಅದು ಸೋಲುತ್ತದೆ. ಅದರ ಬಲ ಬೇರೆಡೆ: ಅಗೆದುಹಾಕಿದ ನೆಲವೊಂದು ಮತ್ತೆ ಕಾಡಾಯಿತು, ಮತ್ತು ನಾಲ್ಕೈದು ವರ್ಷಕ್ಕೊಮ್ಮೆ ಚುನಾವಣೆ ನಡೆಯುವ ಕಾಲದಲ್ಲಿ ಒಂದು ಸರ್ಕಾರ 400 ವರ್ಷದ ಮಾತು ಕೊಟ್ಟಿತು.

ಗ್ರೀನ್‌ಲ್ಯಾಂಡಿನಿಂದ ಮಂಜುಗಡ್ಡೆ ತಂದು ಪ್ಯಾರಿಸ್ಸಿನ ಬೀದಿಯಲ್ಲಿ ಇಟ್ಟವರೂ ಇವರೇನಾ?
— ಓದುಗರು, ಶಿವಮೊಗ್ಗ

ಅಲ್ಲ. ಅವರು ಓಲಾಫುರ್ ಎಲಿಯಾಸನ್, ಐಸ್‌ಲ್ಯಾಂಡ್ ಮೂಲದ ಡೆನ್ಮಾರ್ಕಿನ ಕಲಾವಿದ. ಭೂವಿಜ್ಞಾನಿ ಮಿನಿಕ್ ರೋಸಿಂಗ್ ಜೊತೆಗೂಡಿ, 2015ರ ಡಿಸೆಂಬರ್‌ನಲ್ಲಿ ಹವಾಮಾನ ಶೃಂಗಸಭೆಯ ಹೊತ್ತಿಗೆ ಪ್ಯಾಂಥಿಯಾನ್ ಭವನದ ಎದುರು 12 ಗಡ್ಡೆಗಳನ್ನು ಗಡಿಯಾರದ ಅಂಕಿಗಳಂತೆ ಇಟ್ಟರು. ಹಿಮನದಿಯಿಂದ ಮುರಿಸಿದ್ದಲ್ಲ; ಮೊದಲೇ ಕಳಚಿ ಕಡಲತೋಳಿನಲ್ಲಿ ತೇಲುತ್ತಿದ್ದವನ್ನು ಹಿಡಿದು ತಂದದ್ದು. ಜನ ಮುಟ್ಟಿದರು, ಕಿವಿ ಇಟ್ಟರು. ಒಳಗಿನ ಹಳೇ ಗಾಳಿಗುಳ್ಳೆ ಒಡೆಯುವಾಗ ಚಟಪಟ ಸದ್ದು ಬರುತ್ತದೆ. ಸಾಗಣೆಗೆ ಸುಟ್ಟ ಇಂಧನದ ಬಗ್ಗೆ ಟೀಕೆ ಬಂತು, ಅವರೂ ಲೆಕ್ಕ ಕೊಟ್ಟರು. ಎರಡರಲ್ಲಿ ನಮ್ಮ ಒಲವು ಡೆನೆಸ್ ಕಡೆಗೆ. ಕರಗಿ ಹೋಗುವುದನ್ನು ತೋರಿಸುವುದಕ್ಕಿಂತ ನೀರು ಹೊತ್ತು ಹಾಕುವುದು ಕಷ್ಟ.

ಕೆಲಸದ ಮೇಲೆ ಟಾಂಪೆರೆಯಲ್ಲಿದ್ದೇನೆ. ಮರಗಳ ಬೆಟ್ಟ ಇಲ್ಲಿಗೆ ಹತ್ತಿರವಂತೆ. ನೋಡಲು ಯಾವಾಗ ಹೋಗಲಿ?
— ಕನ್ನಡಿಗ ಓದುಗರು, ಫಿನ್ಲೆಂಡ್

ಜೂನ್‌ನಿಂದ ಸೆಪ್ಟೆಂಬರ್. ಬೆಟ್ಟದ ಬುಡದಲ್ಲಿ ನಿಂತರೆ ಕಾಣುವುದು ಬರೀ ಪೈನ್ ಕಾಡು, ನಿರಾಶೆಯಾಗಬಹುದು. ಸುರುಳಿ ತಿಳಿಯುವುದು ಮೇಲಿನಿಂದ. ಹೋಗುವ ಮೊದಲು ಉಪಗ್ರಹ ಚಿತ್ರ ನೋಡಿಕೊಂಡು, ಒಂದು ಸಾಲು ಹಿಡಿದು ಹತ್ತಿ, ಪಕ್ಕದ ಸಾಲು ಹಿಡಿದು ಇಳಿಯಿರಿ, ಆಗ ಬಾಗು ಕಾಲಿಗೆ ಗೊತ್ತಾಗುತ್ತದೆ. ಜುಲೈನಲ್ಲಿ ಸೊಳ್ಳೆ ವಿಪರೀತ, ತುಂಬುತೋಳಿನ ಅಂಗಿ ಇರಲಿ. ಆ ದೇಶದ ಕಾಡುಗಳಲ್ಲಿ ಯಾರು ಬೇಕಾದರೂ ನಡೆಯಬಹುದು, ದಾರಿಯಲ್ಲಿ ಕಾಡು ಬ್ಲೂಬೆರಿ ಸಿಕ್ಕರೆ ಕಿತ್ತು ತಿನ್ನಬಹುದು. ಪೈನ್ ಟೊಂಗೆ ಮಾತ್ರ ಮುರಿಯುವಂತಿಲ್ಲ.